ಕವಳಿ ಕಂಟಿಗೆ ಬಿಸಿಲು ಬಿದ್ದ ತಿಂಗಳು

ಎಂಬತ್ತರ ದಶಕ ಮುಗಿಯುತ್ತಿದ್ದ ಒಂದು ಜೂನ್ ತಿಂಗಳಲ್ಲಿ, ಚಿಕ್ಕೋಡಿಯ ನಮ್ಮ ಕಾಲೇಜಿನ ಸಸ್ಯಶಾಸ್ತ್ರ ವಿಭಾಗಕ್ಕೆ ಹೊಸ ಅಧ್ಯಾಪಕಿಯೊಬ್ಬರು ಬಂದರು. ಅದೇ ವಾರ ಧಾರವಾಡದಿಂದ ನನ್ನ ಪಿಎಚ್.ಡಿ. ಮಾರ್ಗದರ್ಶಕರ ಪತ್ರವೂ ಬಂತು. ನಾನು ಒಂದು ವರ್ಷದಿಂದ ಒಬ್ಬನೇ ದುಡಿಯುತ್ತಿದ್ದ ಕಾಡಿನಲ್ಲಿ ಇನ್ನು ಮುಂದೆ ಆ ಅಧ್ಯಾಪಕಿಯೂ ಕೆಲಸ ಮಾಡುತ್ತಾರೆ, ಬೆಳಕಿನ ಅಳತೆ ಅವರದು, ಎಲೆಯ ತೂಕ ನಿಮ್ಮದು ಎಂದು ಬರೆದಿದ್ದರು. ನಿಮಗೂ ಅನುಕೂಲವಾಗುತ್ತದೆ ಎಂಬ ಮಾತು ಆ ಪತ್ರದಲ್ಲಿ ಎರಡು ಕಡೆ ಇತ್ತು. ನನಗೆ ಅನುಕೂಲ ಬೇಕಾಗಿರಲಿಲ್ಲ. ಆ ಗುಡ್ಡ ನನ್ನದು ಎಂದು ನಾನು ಅಷ್ಟು ಹೊತ್ತಿಗೆ ತೀರ್ಮಾನಿಸಿಬಿಟ್ಟಿದ್ದೆ.

ಗುಡ್ಡ ಇದ್ದದ್ದು ನಿಪ್ಪಾಣಿಯಿಂದ ಬೆಳಗಾವಿ ಕಡೆಗೆ ಹೆದ್ದಾರಿ ಘಾಟು ಏರುವಲ್ಲಿ. ಎಲೆ ಉದುರಿಸುವ ಕಾಡು ಅದು. ಮೇಲೆ ಮತ್ತಿ, ದಿಂಡಲ, ಅಲ್ಲೊಂದು ಇಲ್ಲೊಂದು ಸಾಗವಾನಿ. ಅವುಗಳ ಬುಡದಲ್ಲಿ ಮುಳ್ಳಿನ ಕವಳಿ ಕಂಟಿಗಳು, ಕವಳಿ ಹಣ್ಣು ಬಿಡುವ ಕುಳ್ಳ ಪೊದೆಗಳು. ಮಳೆಗಾಲದಲ್ಲಿ ಮೇಲಿನ ಎಲೆಗಳು ಒಂದಕ್ಕೊಂದು ಕೂಡಿಕೊಂಡು ಚಪ್ಪರ ಹಾಕಿದಂತಾಗಿ, ಕೆಳಗೆ ನಡು ಮಧ್ಯಾಹ್ನವೂ ಮಬ್ಬು ಇರುತ್ತಿತ್ತು. ಫೆಬ್ರುವರಿ ಹೊತ್ತಿಗೆ ದೊಡ್ಡ ಮರಗಳೆಲ್ಲ ಬೋಳು. ಕವಳಿ ಮಾತ್ರ ವರ್ಷವಿಡೀ ಹಸಿರು. ತುದಿಯ ಎಲೆ, ನಡುವಿನ ಎಲೆ, ನೆಲದ ಕಂಟಿಯ ಎಲೆ, ಇವು ಯಾವ ಋತುವಿನ ಯಾವ ಬೆಳಕಿನಲ್ಲಿ ಎಷ್ಟು ಆಹಾರ ತಯಾರಿಸುತ್ತವೆ ಎಂಬುದು ನನ್ನ ಪ್ರಶ್ನೆ.

ಇದನ್ನು ನಿಂತಲ್ಲೇ ಅಳೆಯುವ ಯಂತ್ರಗಳು ದೊಡ್ಡ ಸಂಸ್ಥೆಗಳಲ್ಲಿದ್ದವು. ನಮ್ಮದು ಹಳೆಯ ಅರ್ಧ ಎಲೆಯ ವಿಧಾನ. ಬೆಳಿಗ್ಗೆ ಏಳಕ್ಕೆ ಎಲೆಯ ತೊಟ್ಟಿಗೆ ಕಾದ ಮೇಣ ತಾಗಿಸುವುದು. ಹಾಗೆ ಮಾಡಿದರೆ ಎಲೆ ತಯಾರಿಸಿದ್ದು ಕೊಂಬೆಗೆ ಇಳಿದುಹೋಗುವುದಿಲ್ಲ. ನಂತರ ನಡುನರದ ಒಂದು ಬದಿಯಿಂದ ನಾಲ್ಕು ಬಿಲ್ಲೆ ಕತ್ತರಿಸಿ ತೆಗೆಯುವುದು. ಸಂಜೆ ಇನ್ನೊಂದು ಬದಿಯಿಂದ ಅಷ್ಟೇ ಅಗಲದ ನಾಲ್ಕು ಬಿಲ್ಲೆ. ಎರಡನ್ನೂ ಒಣಗಿಸಿ ತೂಗಿದರೆ, ಸಂಜೆಯದು ಎಷ್ಟು ಹೆಚ್ಚು ತೂಗುತ್ತದೋ ಅದು ಆ ದಿನದ ಗಳಿಕೆ. ಬಿಲ್ಲೆ ಹೊಡೆಯುವ ಕೊಳವೆ ಉಳಿಯನ್ನು ಅಥಣಿಯಲ್ಲಿ ಚಪ್ಪಲಿ ಹೊಲಿಯುವವರೊಬ್ಬರ ಬಳಿ ಮಾಡಿಸಿದ್ದೆ. ಬಿಲ್ಲೆಗಳು ಉಸಿರಾಡಿ ತೂಕ ಕಳೆದುಕೊಳ್ಳಬಾರದೆಂದು ನಿಪ್ಪಾಣಿಯ ಐಸ್‌ಕ್ಯಾಂಡಿ ಕಾರ್ಖಾನೆಯಿಂದ ತಂದ ಬರ್ಫ ತುಂಬಿದ ಡಬ್ಬಿಯಲ್ಲಿ ಇಟ್ಟು, ಬಸ್ಸಿನಲ್ಲಿ ಚಿಕ್ಕೋಡಿಗೆ ತಂದು ಪ್ರಯೋಗಾಲಯದ ವಿದ್ಯುತ್ ಒಲೆಗೆ ಹಾಕುತ್ತಿದ್ದೆವು.

ಮರ ಹತ್ತುತ್ತಿದ್ದವರು ಪ್ರಯೋಗಾಲಯದ ಸಹಾಯಕರು. ಐವತ್ತರ ಆಚೀಚೆಯ ವಯಸ್ಸು. ಕಾಲೇಜಿನಲ್ಲಿ ಎಲ್ಲರೂ ಚಾಚಾ ಎನ್ನುತ್ತಿದ್ದರು. ಹರೆಯದಲ್ಲಿ ರಾಯಬಾಗದ ಕಡೆ ಹುಣಸೆ ಮರಗಳನ್ನು ಗುತ್ತಿಗೆ ಹಿಡಿದು ಹಣ್ಣು ಬಡಿಯುತ್ತಿದ್ದವರು, ಆದ್ದರಿಂದ ಕೊಂಬೆಯ ಮೇಲೆ ಅವರ ನಡಿಗೆ ನೆಲದ ಮೇಲಿನದಕ್ಕಿಂತ ಸಲೀಸು. ತೂಕ ನೋಡಿ ಅಂಕಿ ಕೂಗುವವರೂ ಅವರೇ, ಪುಸ್ತಕದಲ್ಲಿ ಬರೆಯುವವನು ನಾನು.

ಹೊಸ ಅಧ್ಯಾಪಕಿ ಮೊದಲ ಸಲ ಗುಡ್ಡಕ್ಕೆ ಬಂದಾಗ ಅವರ ಕೈಯಲ್ಲಿ ಒಂದು ಬಿಸ್ಕಿಟ್ ಡಬ್ಬಿ ಇತ್ತು. ಬೆನ್ನಿಗೆ ಅವರ ಚಿಕ್ಕಪ್ಪನ ಹೆಂಡತಿ, ಕಾಕು. ನಿಪ್ಪಾಣಿಯ ಜೈನ ವ್ಯಾಪಾರಿ ಮನೆತನ ಅವರದು. ಮದುವೆಯಾಗದ ಹುಡುಗಿ ಗಂಡಸರ ಜೊತೆ ಗುಡ್ಡಕ್ಕೆ ಒಬ್ಬಳೇ ಹೋಗುವುದಿಲ್ಲವೆಂದು ಕಾಕುವನ್ನು ಕಳಿಸಿದ್ದರು. ಕಾಕು ಮತ್ತಿ ಮರದ ಕೆಳಗೆ ಚಾಪೆ ಹಾಸಿಕೊಂಡು ಕೂತರು. ಅವರು ಸೂರ್ಯ ಮುಳುಗಿದ ಮೇಲೆ ಉಣ್ಣುವವರಲ್ಲ. ಹೀಗಾಗಿ ಅದಕ್ಕೆ ಮೊದಲು ಮನೆ ಮುಟ್ಟಲು ಸಂಜೆಯ ಬಿಲ್ಲೆಯನ್ನು ಐದೂವರೆಯ ಬದಲು ನಾಲ್ಕಕ್ಕೇ ತೆಗೆಯಬೇಕಾಯಿತು. ನನ್ನ ಹಳೆಯ ಅಂಕಿಗಳ ಜೊತೆ ಹೋಲಿಸುವಾಗ ಎಲ್ಲವನ್ನೂ ಗಂಟೆಯ ಲೆಕ್ಕಕ್ಕೆ ಇಳಿಸಬೇಕಾಯಿತೆಂದು ನಾನು ಧಾರವಾಡಕ್ಕೆ ದೂರು ಬರೆದೆ. 'ಅದೇ ಸರಿಯಾದ ಪದ್ಧತಿ, ಮೊದಲೇ ಹಾಗೆ ಮಾಡಬೇಕಿತ್ತು' ಎಂದು ಉತ್ತರ ಬಂತು.

ಡಬ್ಬಿಯಲ್ಲಿದ್ದದ್ದು ನಕ್ಷೆ ತೆಗೆಯುವ ಕಚೇರಿಗಳಲ್ಲಿ ಬಳಸುವ ಅಮೋನಿಯಾ ಕಾಗದ. ಅದನ್ನು ಸಣ್ಣ ಚೌಕಗಳಾಗಿ ಕತ್ತರಿಸಿ, ಹನ್ನೆರಡು ಹಾಳೆ ಒಂದರ ಮೇಲೊಂದು ಹೊಲಿದು, ಮೇಲೆ ತೂತಿರುವ ಕಪ್ಪು ಕಾಗದ ಅಂಟಿಸಿದ್ದರು.

"ಇದನ್ನ ಕೊಂಬಿಗೆ ಕಟ್ಟಿ ಬಿಡೋದ್ರಿ ಸರ," ಎಂದು ವಿವರಿಸಿದರು. "ಬೆಳಕ ಬಿದ್ದಷ್ಟೂ ಒಳಗಿನ ಹಾಳಿ ತನಕ ಬೆಳ್ಳಗಾಗ್ತಾವು. ಸಂಜೀಕ ಅಮೋನಿಯಾದ ಹಬಿಗೆ ಹಿಡದ್ರ ಎಷ್ಟ ಹಾಳಿ ಬೆಳ್ಳಗಾಗ್ಯಾವು ಎಣಿಸಬಹುದು. ಒಂದ ಕ್ಷಣದ ಬೆಳಕಲ್ರಿ, ಇಡೀ ದಿನದ್ದು ಸಿಗತೈತಿ."

ನನ್ನ ಬಳಿ ಬೆಳಕಿನ ಮಾಪಕವೊಂದಿತ್ತು. ನಾನು ದಿನಕ್ಕೆ ಮೂರು ಸಲ ಮುಳ್ಳು ಎಲ್ಲಿ ನಿಂತಿದೆ ನೋಡಿ ಬರೆದುಕೊಳ್ಳುತ್ತಿದ್ದೆ. ಕಾಡಿನ ನೆಲದ ಮೇಲೆ ಬಿಸಿಲಿನ ಚುಕ್ಕೆಗಳು ಸರಿದಾಡುತ್ತವೆ; ಮಾಪಕ ಇಟ್ಟಲ್ಲಿ ಚುಕ್ಕೆ ಬಿದ್ದರೆ ಒಂದು ಅಂಕಿ, ಗೇಣು ಆಚೆ ಬಿದ್ದರೆ ಇನ್ನೊಂದು. ನನ್ನ ಒಂದು ವರ್ಷದ ಬೆಳಕಿನ ಅಂಕಿಗಳು ಕೆಲಸಕ್ಕೆ ಬಾರದವು ಎಂದು ಆ ಬಿಸ್ಕಿಟ್ ಡಬ್ಬಿ ನೋಡಿದಾಗಲೇ ನನಗೆ ಗೊತ್ತಾಯಿತು. "ನೋಡೋಣ," ಎಂದಷ್ಟೇ ಹೇಳಿದೆ.

ಆ ಮಳೆಗಾಲ ನನ್ನ ಎಲೆಗಳು ಮಾತು ಕೇಳಲಿಲ್ಲ. ಮತ್ತಿಯ ತುದಿ ಎಲೆ ಸಂಜೆಗೆ ಹಗುರಾಗುತ್ತಿತ್ತು. ಎಲ್ಲಕ್ಕಿಂತ ಹೆಚ್ಚು ಬೆಳಕು ಸಿಗುವ ಎಲೆ ಇಡೀ ದಿನ ದುಡಿದು ತೂಕ ಕಳೆದುಕೊಳ್ಳುವುದೆಂದರೇನು? ಕರೆಂಟ್ ಹೋಗಿ ಒಲೆ ತಣಿಯುತ್ತದೆ ಎಂದುಕೊಂಡು ಒಣಗಿಸುವ ಹೊತ್ತು ಹೆಚ್ಚಿಸಿದೆ. ತಕ್ಕಡಿಯನ್ನು ಬಿಚ್ಚಿ ಒರೆಸಿದೆ. ಮೂರು ವಾರ ಹೋಯಿತು. ಒಂದು ದಿನ ಅಧ್ಯಾಪಕಿ ಅಮೋನಿಯಾ ಬಾಟಲಿ ತೆಗೆದುಕೊಳ್ಳಲು ಬಂದವರು, ಒಣಗಿದ ಬಿಲ್ಲೆಗಳನ್ನು ನಾನು ತೂಗುವವರೆಗೆ ಮುಚ್ಚಿಡುತ್ತಿದ್ದ ಗಾಜಿನ ಪಾತ್ರೆಯೊಳಗೆ ಬಗ್ಗಿ ನೋಡಿದರು.

"ಸರ, ಇದರೊಳಗಿನ ಕ್ಯಾಲ್ಸಿಯಂ ಕ್ಲೋರೈಡ್ ನೀರಾಗೇತ್ರಿ. ಬಿಲ್ಲಿ ಮತ್ತ ಹಸೀನ ಆಗಾಕತ್ತಾವು."

ತೇವ ಹೀರಬೇಕಾದ ಪುಡಿ ಮಳೆಗಾಲದ ಗಾಳಿಗೆ ತಾನೇ ಕರಗಿ ಕೂತಿತ್ತು. ಮೊದಲ ಸರದಿಯಲ್ಲಿ ಒಲೆಗೆ ಹೋಗಿ ಒಣಗುತ್ತಿದ್ದ ಬೆಳಗಿನ ಬಿಲ್ಲೆಗಳು ಅದರಲ್ಲಿ ಹೆಚ್ಚು ಹೊತ್ತು ಇದ್ದು ಹೆಚ್ಚು ತೇವ ಕುಡಿಯುತ್ತಿದ್ದವು. ಅಧ್ಯಾಪಕಿಯನ್ನು ಬಾಯಾರೆಂದು ಕರೆಯುತ್ತಿದ್ದ ಚಾಚಾ ಮೆಚ್ಚಿಗೆಯಿಂದ, "ಬಾಯಾರ ಕಣ್ಣು ಚೂಪ ಐತಿ ನೋಡ್ರಿ," ಎಂದರು. ಪುಡಿ ಬದಲಿಸಿದೆವು, ಅಂಕಿಗಳು ದಾರಿಗೆ ಬಂದವು. ಅಧ್ಯಾಪಕಿಗೆ ನಾನು ಧನ್ಯವಾದ ಹೇಳಲಿಲ್ಲ. ಮಾರ್ಗದರ್ಶಕರಿಗೆ ಬರೆದ ವರದಿಯಲ್ಲಿ 'ದೋಷ ಪತ್ತೆಯಾಗಿ ಸರಿಪಡಿಸಲಾಯಿತು' ಎಂದು ಬರೆದೆ, ಯಾರು ಪತ್ತೆ ಮಾಡಿದರೆಂದು ಬರೆಯಲಿಲ್ಲ.

ಇದಕ್ಕಿಂತ ಸಣ್ಣತನವನ್ನೂ ಮಾಡಿದ್ದೇನೆ. ಅವರ ಮನೆಯಲ್ಲಿ ಚತುರ್ದಶಿಯ ದಿನ ಹಸಿರು ಕೀಳುತ್ತಿರಲಿಲ್ಲ. ಅಕ್ಟೋಬರಿನಲ್ಲಿ ಆಕಾಶ ತೊಳೆದಂತಾಗಿ ಮೊದಲ ಒಳ್ಳೆಯ ಬಿಸಿಲು ಬಂದಾಗ, ಪಂಚಾಂಗ ನೋಡಿಯೇ ಆ ದಿನಕ್ಕೆ ಗುಡ್ಡದ ಕೆಲಸ ಗೊತ್ತುಪಡಿಸಿದೆ. ಅವರು ಬರಲಿಲ್ಲ. ನಾನು, ಚಾಚಾ ಇಬ್ಬರೇ ಹೋದೆವು. ಮರುದಿನ ಬೆಳಕಿನ ಪುಸ್ತಕದಲ್ಲಿ ಆ ದಿನದ ಸಾಲು ಖಾಲಿ ನೋಡಿ ನನಗೆ ಸಮಾಧಾನವಾಯಿತು. ಅಂಥ ಸಮಾಧಾನ ಎಂಥದೆಂದು ಹೊಟ್ಟೆಕಿಚ್ಚು ಪಟ್ಟವರಿಗೆ ಹೇಳಬೇಕಿಲ್ಲ. ಆದರೆ ಬೆಳಕಿನ ಅಂಕಿ ಇಲ್ಲದೆ ನನ್ನ ತೂಕದ ಅಂಕಿಯೂ ಕುಂಟಿತು. ಆ ದಿನ ಕೈಬಿಟ್ಟುಹೋಯಿತು.

ಧಾರವಾಡದ ಪತ್ರಗಳನ್ನು ನಾನು ಓದುವ ರೀತಿಯೇ ಬದಲಾಗಿತ್ತು. ಮಾರ್ಗದರ್ಶಕರು ನಮ್ಮಿಬ್ಬರ ಹೆಸರಿಗೂ ಸೇರಿಸಿ ಬರೆಯುತ್ತಿದ್ದರು. ಅಧ್ಯಾಪಕಿಯ ಕೆಲಸದ ಬಗ್ಗೆ ಎಷ್ಟು ಸಾಲು, ನನ್ನದರ ಬಗ್ಗೆ ಎಷ್ಟು ಸಾಲು ಎಂದು ನೋಡುತ್ತಿದ್ದೆ.

ಫೆಬ್ರುವರಿ ಬಂತು. ಮತ್ತಿ, ದಿಂಡಲಗಳ ಎಲೆ ಉದುರಿ ಕಾಲಿಟ್ಟಲ್ಲೆಲ್ಲ ಸಪ್ಪಳ. ತೂಗಲು ಮೇಲಿನ ಎಲೆಗಳೇ ಇರಲಿಲ್ಲ. ನನಗೆ ಆ ತಿಂಗಳು ರಜೆ ಇದ್ದಂತೆ. ಪರೀಕ್ಷೆಯ ಕೆಲಸಕ್ಕೆಂದು ಕಾಗವಾಡಕ್ಕೆ ನಾಲ್ಕು ದಿನ ಹೋಗಬೇಕಾಯಿತು, ಕವಳಿಯ ಬಿಲ್ಲೆಗಳನ್ನು ನೀವೇ ತೂಗಿಬಿಡಿ ಎಂದು ಅಧ್ಯಾಪಕಿಗೆ ಹೇಳಿ ಹೋದೆ. ವಾಪಸು ಬಂದ ದಿನ ಪ್ರಯೋಗಾಲಯದ ಬಾಗಿಲಲ್ಲೇ ನಿಲ್ಲಿಸಿದರು. ಮುಖ ಕೆಂಪಾಗಿತ್ತು.

"ಸರ, ಕವಳಿ ನೋಡ್ರಿ. ಮಳಿಗಾಲದಾಗ ಗಳಿಸಿದ್ದಕ್ಕಿಂತ ದುಪ್ಪಟ್ಟಿಗೂ ಹೆಚ್ಚು ಗಳಿಸೇತಿ. ನಾವು ಸತ್ತ ತಿಂಗಳ ಅಂತೀವಿ. ಮ್ಯಾಲ ಎಲಿ ಉದುರಿ ಬಿಸಿಲ ಕೆಳಗ ಬಂದೈತಿ, ನೆಲದಾಗ ಇನ್ನೂ ಪಸಿ ಐತಿ. ಇದರ ವರ್ಷದ ಸುಗ್ಗಿನ ಇದು!"

ನಾನು ಪುಸ್ತಕ ನೋಡಿದೆ. ನನಗೆ ಆ ಅಂಕಿ ಮೊದಲೇ ಗೊತ್ತಿರುವಂತೆ ಅನ್ನಿಸಿತು. ಅವರು ತರಗತಿಗೆ ಹೋದ ಮೇಲೆ ಕಪಾಟಿನಿಂದ ಹಿಂದಿನ ವರ್ಷದ ನನ್ನ ಪುಸ್ತಕ ತೆಗೆದೆ. ಫೆಬ್ರುವರಿಯ ಹಾಳೆ. ಕವಳಿ ಎದುರಿಗೆ ಬಹುತೇಕ ಅದೇ ಅಂಕಿ. ಅದರ ಮೇಲೆ ಕೆಂಪು ಶಾಯಿಯ ಗೀಟು, ಪಕ್ಕದಲ್ಲಿ ನನ್ನದೇ ಅಕ್ಷರ: 'ಬಿಲ್ಲೆಗಳ ಚೀಟಿ ಅದಲುಬದಲು? ಬಿಟ್ಟುಬಿಡುವುದು.'

ಒಂದು ವರ್ಷ ಮೊದಲೇ ಅದು ನನ್ನ ಕೈಗೆ ಬಂದಿತ್ತು. ನಾನು ಗೀಟು ಹೊಡೆದು ಕಪಾಟಿನಲ್ಲಿಟ್ಟಿದ್ದೆ.

ಆ ಮಧ್ಯಾಹ್ನ ಮಾಡಿದ್ದನ್ನು ಬರೆಯಲು ಈಗಲೂ ಕೈ ಹಿಂಜರಿಯುತ್ತದೆ. ಅದೇ ಅಳತೆಯ ಹೊಸ ಹಾಳೆ ತೆಗೆದುಕೊಂಡು ಇಡೀ ಫೆಬ್ರುವರಿಯನ್ನು ನಕಲು ಮಾಡಿದೆ. ಗೀಟು ಇಲ್ಲ, ಟಿಪ್ಪಣಿ ಇಲ್ಲ. 'ಈ ವಿಷಯವನ್ನು ನಾನು ಕಳೆದ ವರ್ಷವೇ ಗಮನಿಸಿದ್ದೆ, ಖಚಿತಪಡಿಸಿಕೊಳ್ಳಲು ಕಾಯುತ್ತಿದ್ದೆ' ಎಂದು ಮಾರ್ಗದರ್ಶಕರಿಗೆ ಒಂದು ಪತ್ರ ಬರೆದು, ಹಾಳೆಯನ್ನು ಅದರ ಜೊತೆ ಮಡಿಸಿ ಲಕೋಟೆಗೆ ಹಾಕಿದೆ. ಟಪಾಲಿಗೆ ಹೊತ್ತು ಮೀರಿತ್ತು. ಬೆಳಿಗ್ಗೆ ಹಾಕಿದರಾಯಿತೆಂದು ಮೇಜಿನ ಮೇಲಿಟ್ಟೆ.

ಬೆಳಿಗ್ಗೆ ಚಾಚಾ ತಕ್ಕಡಿ ಒರೆಸುತ್ತಿದ್ದರು. ಹಳೆಯ ಪುಸ್ತಕ ಪಕ್ಕದಲ್ಲಿ ತೆರೆದೇ ಬಿದ್ದಿತ್ತು. ನಾನು ಮುಚ್ಚಿಡಲು ಮರೆತಿದ್ದೆ.

"ಸರ, ಈ ಕವಳಿ ಅಂಕಿ ನಂಗ ನೆನಪೈತ್ರಿ," ಎಂದರು. "ನಾ ಕೂಗಿದಾಗ ನೀವು 'ಚಾಚಾ, ಕಣ್ಣ ನೆಟ್ಟಗ ಅದಾವೇನು?' ಅಂತ ಬೈದಿದ್ರಿ. ಮತ್ತೊಮ್ಮಿ ತೂಗೂಣೇನ್ರಿ ಅಂದಿನಿ. ಬ್ಯಾಡ ಅಂದ್ರಿ. ಗೀಟ್ ಹೊಡದ್ರಿ."

"ಹೌದೇನು?"

"ಹೌದ್ರಿ. ಅವತ್ತ ನಂದ ತಪ್ಪ ಅಂತ ನಾನೂ ತಿಳ್ಕೊಂಡಿದ್ದೆ. ನಿನ್ನಿ ಬಾಯಾರ ಅಂಕಿನೂ ಹಂಗ ಬಂದಿದ್ದ ನೋಡಿ ಖುಷಿ ಆತ್ರಿ. ಒಂದ ವರ್ಷ ಆ ತಪ್ಪು ತಲಿ ಮ್ಯಾಲ ಇತ್ತು."

ಅವರು ಲಕೋಟೆಯ ವಿಷಯ ತಿಳಿದು ಆಡಿದ ಮಾತಲ್ಲ ಅದು. ಒಬ್ಬ ಮನುಷ್ಯ ತನ್ನ ಕಣ್ಣು ಸರಿಯಿತ್ತೆಂದು ಸಂತೋಷಪಡುತ್ತಿದ್ದ, ಅಷ್ಟೇ. ನನ್ನ ಹೊಸ ಹಾಳೆಯಲ್ಲಿ ಅವರನ್ನು ಬೈದದ್ದೂ ಇರಲಿಲ್ಲ, ಮತ್ತೊಮ್ಮೆ ತೂಗೋಣ ಎಂದು ಅವರು ಹೇಳಿದ್ದೂ ಇರಲಿಲ್ಲ. ನಾನು ಲಕೋಟೆಯನ್ನು ಜೇಬಿಗೆ ಹಾಕಿಕೊಂಡು ಹೊರಗೆ ಬಂದೆ. ಅಂಚೆ ಕಚೇರಿ ಕಾಲೇಜಿನಿಂದ ಹತ್ತು ನಿಮಿಷದ ದಾರಿ. ಗೇಟಿನವರೆಗೆ ಹೋದೆ. ಅಲ್ಲಿಂದ ವಾಪಸು ಬಂದು, ಹಳೆಯ ಪುಸ್ತಕ, ಲಕೋಟೆ ಎರಡನ್ನೂ ತೆಗೆದುಕೊಂಡು ಅಧ್ಯಾಪಕಿಯ ಮೇಜಿಗೆ ಹೋದೆ. ಮೊದಲು ಪುಸ್ತಕ ತೋರಿಸಿದೆ. ನಂತರ ಲಕೋಟೆ ಒಡೆದು ಹೊಸ ಹಾಳೆಯನ್ನೂ ಪಕ್ಕದಲ್ಲಿಟ್ಟೆ.

ಅವರು ಎರಡನ್ನೂ ಓದಿದರು. ಕೆಂಪು ಗೀಟಿನ ಮೇಲೆ ಬೆರಳಿಟ್ಟರು.

"ಗೀಟ್ ಯಾಕ ಹೊಡದಿದ್ರಿ ಸರ?"

"ನಂಬಿಕೆ ಬರಲಿಲ್ಲ."

"ನನಗೂ ಬರಲಿಲ್ರಿ. ಮೂರ ಸಲ ತೂಗಿನಿ. ಆಮ್ಯಾಲ ಮತ್ತ ಗುಡ್ಡಕ್ಕ ಹೋಗಿ ಹೊಸಾ ಎಲಿ ತಂದು ತೂಗಿನಿ."

ಬೈದಿದ್ದರೆ ಇಷ್ಟು ನಾಟುತ್ತಿರಲಿಲ್ಲ. ಅಮೋನಿಯಾ ಕಾಗದ, ಚೂಪು ಕಣ್ಣು, ಧಾರವಾಡದ ಪತ್ರದ ಸಾಲುಗಳು, ಇವುಗಳಿಗೆಲ್ಲ ಹೊಟ್ಟೆಕಿಚ್ಚು ಪಟ್ಟಿದ್ದೆ. ನಿಜವಾಗಿ ಹೊಟ್ಟೆಕಿಚ್ಚು ಪಡಬೇಕಾದದ್ದು ಆ ಮೂರು ಸಲಕ್ಕೆ ಎಂದು ಆಗ ತಿಳಿಯಿತು. ತಿಳಿದಮೇಲೆ ಅದು ಕಡಿಮೆಯೇನೂ ಆಗಲಿಲ್ಲ, ಇನ್ನಷ್ಟು ಉರಿಯಿತು.

ಅವರು ಹೊಸ ಹಾಳೆಯನ್ನು ನನ್ನ ಕಡೆ ಸರಿಸಿದರು. "ಇದು ಬ್ಯಾಡ್ರಿ. ಗೀಟ್ ಹೊಡದದ್ದ ಬೇಕು. ನಿಮಗ ಬ್ಯಾಡಾಗಿದ್ದ ಅಂಕಿ ಅದು. ನನ್ನ ಅಂಕಿಗೆ ಹೊಂದಲಿ ಅಂತ ಬೇಕಂತ ಮಾಡಿದ್ರು ಅಂತ ಯಾರೂ ಅನ್ನಾಂಗಿಲ್ಲ."

ಆ ಶನಿವಾರ ನಾವು ಧಾರವಾಡಕ್ಕೆ ಹೋದೆವು, ಕಾಕುವೂ ಜೊತೆಗಿದ್ದರು. ಮಾರ್ಗದರ್ಶಕರು ಗೀಟಿನ ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು. ನಾನು ನಕಲು ಮಾಡಿದ್ದನ್ನೂ ಹೇಳಿದೆ. ಕನ್ನಡಕದ ಮೇಲಿಂದ ಒಮ್ಮೆ ನೋಡಿದರು. ನಂತರ ಕೆಲಸದ ಮಾತು ಎತ್ತಿದರು.

"ಎರಡು ವರ್ಷ ಒಂದೇ ಅಂಕಿ ಬಂದೈತಿ, ಒಪ್ಪಿದೆ. ಆದರ ಇದು ಬೆಳಕಿನಿಂದನ ಅಂತ ಹೆಂಗ ಹೇಳ್ತೀರಿ? ಫೆಬ್ರುವರಿ ಬಿಸಿ ಬ್ಯಾರೆ, ಎಲಿ ವಯಸ್ಸು ಬ್ಯಾರೆ. ಮ್ಯಾಲಿನ ನೆರಳನ್ನ ವಾಪಸ್ ತಂದು ತೋರಸ್ರಿ."

ಎಲೆ ಉದುರಿದ ಕಾಡಿಗೆ ನೆರಳನ್ನು ವಾಪಸು ತರುವುದು. ಕೈಯಲ್ಲಿದ್ದದ್ದು ಎರಡು ವಾರ. ಅಷ್ಟರಲ್ಲಿ ನೆಲದ ಪಸಿ ಆರಿದರೆ ಕವಳಿ ಎಲೆಯ ಸೂಕ್ಷ್ಮ ರಂಧ್ರಗಳ ಬಾಗಿಲು ಮುಚ್ಚಿಕೊಳ್ಳುತ್ತದೆ, ಆಮೇಲೆ ಬಿಸಿಲಿದ್ದರೂ ಗಳಿಕೆಯಿಲ್ಲ. ನಿಪ್ಪಾಣಿಯ ಪೇಟೆಯಿಂದ ಸೊಳ್ಳೆಪರದೆಯ ಬಟ್ಟೆ ತಂದೆವು. ಆರು ಕಂಟಿಗಳ ಸುತ್ತ ಗೂಟ ನೆಟ್ಟು ಚಾಚಾ ಚಪ್ಪರ ಕಟ್ಟಿದರು. ಎಷ್ಟು ಪದರು ಹಾಕಿದರೆ ಮಳೆಗಾಲದ ನೆರಳು ಬರುತ್ತದೆ? ಅದಕ್ಕೆ ಅಮೋನಿಯಾ ಕಾಗದವೇ ಸಾಕ್ಷಿ. ಒಂದು ಪದರಿಗೆ ಹಾಳೆಗಳು ಹೆಚ್ಚು ಬೆಳ್ಳಗಾದವು, ಎರಡಕ್ಕೂ ಹಾಗೆಯೇ. ನಾಲ್ಕು ಪದರಿಗೆ ಆಗಸ್ಟ್ ತಿಂಗಳ ಎಣಿಕೆ ಸಿಕ್ಕಿತು. ಪಕ್ಕದ ಆರು ಕಂಟಿಗಳನ್ನು ಬಿಸಿಲಿಗೇ ಬಿಟ್ಟೆವು. ಸೊಳ್ಳೆಪರದೆಯೊಳಗೆ ಮಲಗಿದ ಮುಳ್ಳುಕಂಟಿಗಳನ್ನು ನೋಡಿ ಕಾಕು ನಕ್ಕದ್ದೇ ನಕ್ಕರು.

ಆ ಹದಿನಾರು ದಿನ ನಾನು ಅಧ್ಯಾಪಕಿ ಹೇಳಿದ ಹೊತ್ತಿಗೆ ಹೋದೆ, ಹೇಳಿದ ಹೊತ್ತಿಗೆ ಬಿಲ್ಲೆ ತೆಗೆದೆ. ಎಲ್ಲ ಅಂಕಿಯನ್ನೂ ಮೂರು ಸಲ ತೂಗಿದೆವು. ಒಂದು ಮಧ್ಯಾಹ್ನ ಬುತ್ತಿ ಬಿಚ್ಚಿ ಕೂತಿದ್ದಾಗ, ಯಾಕೆಂದು ಗೊತ್ತಿಲ್ಲ, ಅಕ್ಟೋಬರಿನ ಚತುರ್ದಶಿಯ ವಿಷಯ ಬಾಯಿಬಿಟ್ಟೆ.

"ಬೇಕಂತನ ಆ ದಿನ ಇಟ್ಟಿದ್ದೆ," ಎಂದೆ.

"ಗೊತ್ತಿತ್ರಿ," ಎಂದರು ರೊಟ್ಟಿ ಮುರಿಯುತ್ತ. "ಸಿಟ್ಟೂ ಬಂದಿತ್ತು. ಅದಕ್ಕಿಂತ ಹೊಟ್ಟಿಕಿಚ್ಚ ಹೆಚ್ಚಾಗಿತ್ತು ಸರ. ನೀವು ಮನಸಿಗೆ ಬಂದ ದಿನ ಗುಡ್ಡಕ್ಕ ಬರ್ತೀರಿ. ನಾ ಒಂದ ದಿನ ಬರಬೇಕಂದ್ರ ಮನಿಯೊಳಗ ಮೂರ ದಿನ ಮಾತ ನಡೀತಾವು."

ಎಂಟು ತಿಂಗಳು ಒಂದೇ ಗುಡ್ಡದಲ್ಲಿ ಕೆಲಸ ಮಾಡಿದ್ದೆವು. ಅವರು ಹೇಗೆ ಬರುತ್ತಾರೆಂದು ನಾನು ಒಮ್ಮೆಯೂ ಕೇಳಿರಲಿಲ್ಲ.

ಪರದೆಯ ಕೆಳಗಿನ ಕವಳಿ ಮಳೆಗಾಲದ ಗಳಿಕೆಗೆ ಇಳಿಯಿತು. ಬಿಸಿಲಿನದು ಹಾಗೆಯೇ ನಿಂತಿತು. ಹದಿನಾರನೆಯ ದಿನ ನೆಲ ಒಣಗಿ ಎರಡರ ಗಳಿಕೆಯೂ ಒಟ್ಟಿಗೆ ಬಿತ್ತು. ಬೆಳಕು ಮತ್ತು ನೀರು ಎರಡೂ ಸಿಗುವ ಆ ಕೆಲವೇ ವಾರಗಳಲ್ಲಿ ಕಂಟಿ ತನ್ನ ವರ್ಷದ ಬದುಕನ್ನು ಗಳಿಸಿಕೊಳ್ಳುತ್ತದೆ ಎಂಬುದು ಕೊನೆಗೂ ಅಂಕಿಯಲ್ಲಿ ಸಿಕ್ಕಿತು.

ಲೇಖನವನ್ನು ಇಬ್ಬರೂ ಕೂಡಿ ಬರೆದೆವು. ಯಾರ ಹೆಸರು ಮೊದಲು ಎಂದು ಮಾರ್ಗದರ್ಶಕರು ಕೇಳಿದಾಗ ನಾನೇ ಅಧ್ಯಾಪಕಿಯದನ್ನು ಹೇಳಿದೆ. ಉದಾರತೆಯಿಂದ ಹೇಳಿದ್ದಲ್ಲ, ಬೇರೆ ಉತ್ತರ ಕೊಟ್ಟರೆ ಆ ಕೋಣೆಯಲ್ಲಿ ಕೂತಿರಲು ಆಗುತ್ತಿರಲಿಲ್ಲ. ಕೊನೆಯ ಸಾಲಿನಲ್ಲಿ ಚಾಚಾನ ಹೆಸರು ಹಾಕಿ ಕೃತಜ್ಞತೆ ಬರೆದೆವು. ಅಚ್ಚಾಗಿ ಬರುವಷ್ಟರಲ್ಲಿ ಅಧ್ಯಾಪಕಿಗೆ ಸಾಂಗಲಿಯ ಕಾಲೇಜೊಂದರಲ್ಲಿ ಕೆಲಸ ಸಿಕ್ಕಿ ಅಲ್ಲಿಗೆ ಹೋಗಿದ್ದರು. ಪತ್ರಿಕೆಯ ಪ್ರತಿ ನನ್ನ ಕೈಗೆ ಬಂದ ದಿನ ಮೊದಲ ಪುಟ ತೆಗೆದು ಹೆಸರುಗಳನ್ನು ನೋಡಿದೆ. ಹಳೆಯ ಉರಿ ಅಲ್ಲೇ ಇತ್ತು. ನನ್ನ ಸ್ವಂತ ಪದವಿಗೆ ಅದಾದ ಮೇಲೆ ನಾಲ್ಕು ವರ್ಷ ಹಿಡಿಯಿತು.

ಒಂದು ಪ್ರತಿಯನ್ನು ಅವರ ಮನೆಗೆ ಮುಟ್ಟಿಸಲು ನಿಪ್ಪಾಣಿಗೆ ಹೋದೆ. ಕಾಕು ಒಬ್ಬರೇ ಇದ್ದರು. ಚಹಾ ಕೊಟ್ಟು ಪತ್ರಿಕೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತರು. ಇಂಗ್ಲಿಷ್ ಅವರಿಗೆ ಬರುತ್ತಿರಲಿಲ್ಲ. ಅಧ್ಯಾಪಕಿಯ ಹೆಸರು ಎಲ್ಲಿದೆಯೆಂದು ಬೆರಳಿಟ್ಟು ತೋರಿಸಿದೆ. ಆ ಅಕ್ಷರಗಳ ಮೇಲೆ ಎರಡು ಸಲ ಕೈಯಾಡಿಸಿದರು.

"ನಿಮ್ಮದ ಎಲ್ಲೈತ್ರಿ?"

"ಅದರ ಮುಂದ ಐತಿ ನೋಡ್ರಿ, ಎರಡನೇದು."

ಕಾಕು ಒಮ್ಮೆ ಪುಟವನ್ನು, ಒಮ್ಮೆ ನನ್ನನ್ನು ನೋಡಿದರು. ಅವರ ಪ್ರಶ್ನೆಯಲ್ಲಿ ಕುಹಕವಿರಲಿಲ್ಲ, ನಿಜವಾಗಿ ತಿಳಿಯಬೇಕಾಗಿತ್ತು.

"ಹಂಗಾದ್ರ ನೀವು ನಮ್ಮ ಹುಡುಗಿ ಕೈಕೆಳಗ ಕೆಲಸ ಮಾಡ್ತಿದ್ರೇನ್ರಿ?"

ಚಹಾದ ಬಟ್ಟಲು ಕೆಳಗಿಟ್ಟೆ.

"ಹೌದ್ರಿ ಕಾಕು," ಅಂದೆ.